ನಾಣ್ಯ ಹಿಡಿದ ಹುಡುಗನಿಗೆ ನನ್ನ ಕೆಲಸದ ಸುದ್ದಿ ಗೊತ್ತಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬಿ.ಇ. ಆರನೇ ಸೆಮಿಸ್ಟರ್ ಓದುತ್ತಿರುವವನು. ಪ್ರಾಬಬಿಲಿಟಿಯನ್ನು ಪಠ್ಯದಲ್ಲಿ ಓದಿ ಪಾಸಾದವನು. ಊರ ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ಕುಳಿತ ಚಿಕ್ಕಮ್ಮನನ್ನು ನೋಡಿ ನಕ್ಕವನು. ಅಂಥ ನಾನೇ ಈ ಫೆಬ್ರುವರಿಯ ಒಂದು ರಾತ್ರಿ 299 ರೂಪಾಯಿ ಕೊಟ್ಟು ಫೋನಿನಲ್ಲಿ ಟ್ಯಾರೋ ಕಾರ್ಡ್ ಕೇಳಿದೆ.

ಅವತ್ತು ಸಂಜೆ ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ ಬಂದಿತ್ತು. ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ. ಮೂವರ ಹೆಸರು ಪಟ್ಟಿಯಲ್ಲಿತ್ತು. ಊಟಕ್ಕೆ ಹೊರಗೆ ಹೋಗೋಣ ಬಾರೋ ಅಂತ ಅವರು ನಿಜವಾದ ಪ್ರೀತಿಯಿಂದಲೇ ಕರೆದರು. ತಲೆನೋವು ಅಂದೆ. ಅಪ್ಪನಿಗೆ ಫೋನ್ ಮಾಡಿ ಹೇಳಬೇಕಿತ್ತು. ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಕೊನೆಯ ಟ್ರಿಪ್ ಮುಗಿಸಿ ಬರುವುದು ರಾತ್ರಿ ಒಂಬತ್ತೂವರೆಗೆ, ಆಮೇಲೆ ಹೇಳೋಣ ಅಂದುಕೊಂಡೆ. ಒಂಬತ್ತೂವರೆ ಆಯಿತು, ಹತ್ತೂವರೆ ಆಯಿತು, ಹೇಳಲಿಲ್ಲ. ರೀಲ್ಸ್ ನೋಡುತ್ತಾ ಬಿದ್ದುಕೊಂಡಿದ್ದಾಗ ಬಂದ ಜಾಹೀರಾತನ್ನು ಒತ್ತಿದೆ. ಮೂರು ಕಾರ್ಡ್, ಹನ್ನೆರಡು ನಿಮಿಷ, ಕೆರಿಯರ್ ವಿಶೇಷ.

ಆ ಕಡೆಯಿಂದ ಮಾತಾಡಿದವರ ದನಿ ತುಂಬಾ ಮೃದುವಾಗಿತ್ತು. ಮೊದಲ ಎರಡು ಕಾರ್ಡ್‌ಗಳ ಬಗ್ಗೆ ಏನು ಹೇಳಿದರೋ ಈಗ ನೆನಪಿಲ್ಲ. ಮೂರನೆಯದು ‘ಪೇಜ್ ಆಫ್ ಪೆಂಟಕಲ್ಸ್’. “ಅರೆ, ಇದು ನಿಮ್ಮದೇ ಕಾರ್ಡ್! ಹಣ ನಿಮ್ಮ ಕಡೆಗೆ ಬರ್ತಾ ಇದೆ. ಒಂದು ತಿಂಗಳೊಳಗೆ ಒಳ್ಳೆಯ ಸುದ್ದಿ” ಅಂದರು. ಕಾರ್ಡಿನ ಫೋಟೋವನ್ನೂ ವಾಟ್ಸ್ಆ್ಯಪ್ ಮಾಡಿದರು. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ, ನಿದ್ದೆ ಬಂತು.

ಆ ಒಂದು ತಿಂಗಳಲ್ಲಿ ನಾನು ಶ್ರದ್ಧೆಯಿಂದ ಮಾಡಿದ ಕೆಲಸ ಒಂದೇ, ಮೇಲ್ ರಿಫ್ರೆಶ್ ಮಾಡಿದ್ದು. ನಂಬಿಕೆ ಇಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಸೀನಿಯರ್ ಒಬ್ಬರು ಕಳಿಸಿದ್ದ ಸಣ್ಣ ಕಂಪನಿಯೊಂದರ ಅರ್ಜಿ ಲ್ಯಾಪ್‌ಟಾಪಿನ ಟ್ಯಾಬ್‌ನಲ್ಲಿ ಅರ್ಧ ತುಂಬಿದ ಸ್ಥಿತಿಯಲ್ಲಿ ಹದಿನೈದು ದಿನ ಕೂತಿತ್ತು. ಹೇಗೂ ಸುದ್ದಿ ಬರುತ್ತದಲ್ಲ ಎಂಬ ಒಂದು ಸೋಮಾರಿ ಧೈರ್ಯ ಒಳಗೆಲ್ಲೋ ಇತ್ತು. ಕೊನೆಯ ದಿನಾಂಕ ದಾಟಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ತಿಂಗಳು ಮುಗಿಯಿತು. ಸುದ್ದಿ ಬರಲಿಲ್ಲ.

ಆಗ ಬಂದ ಸಿಟ್ಟಿನಲ್ಲಿ ಆ ಫೋಟೋವನ್ನು ಡಿಲೀಟ್ ಮಾಡಲು ತೆಗೆದೆ. ಮೊದಲ ಬಾರಿಗೆ ಚಿತ್ರವನ್ನು ನೋಡಿದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಹಸಿರು ಹುಲ್ಲು, ಅಲ್ಲಲ್ಲಿ ಹೂವು. ಅದರ ಮೇಲೆ ಒಬ್ಬ ಹುಡುಗ ನಿಂತಿದ್ದಾನೆ. ಹಸಿರು ಅಂಗಿ, ತಲೆಗೆ ಸುತ್ತಿದ ಕೆಂಪು ಬಟ್ಟೆಯಂಥ ಟೋಪಿ, ಅದರ ತುದಿ ಭುಜದ ಮೇಲೆ ಇಳಿಬಿದ್ದಿದೆ. ಎರಡೂ ಕೈಗಳನ್ನು ಮುಖದ ಮಟ್ಟಕ್ಕೆ ಎತ್ತಿದ್ದಾನೆ. ಬೆರಳ ತುದಿಯಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ, ಐದು ಮೂಲೆಯ ನಕ್ಷತ್ರವಿರುವ ದೊಡ್ಡ ಹಳದಿ ನಾಣ್ಯ. ಆಕಾಶವೆಲ್ಲ ಹಳದಿ. ಹಿಂದೆ ಒಂದು ಕಡೆ ಮರಗಳ ಪುಟ್ಟ ಗುಂಪು, ಇನ್ನೊಂದು ಕಡೆ ಉತ್ತಿಟ್ಟ ಹೊಲದ ತುಂಡು, ಬಹಳ ದೂರದಲ್ಲಿ ನೀಲಿ ಬೆಟ್ಟ. ಅವನು ಇದ್ಯಾವುದನ್ನೂ ನೋಡುತ್ತಿಲ್ಲ. ನಾಣ್ಯವನ್ನೇ ನೋಡುತ್ತಿದ್ದಾನೆ.

ಇದರಲ್ಲಿ ಹಣ ಬರುತ್ತಿರುವುದು ಎಲ್ಲಿದೆ ಹೇಳಿ? ಯಾರೂ ಅವನಿಗೆ ಏನನ್ನೂ ಕೊಡುತ್ತಿಲ್ಲ. ಅವನು ಎಲ್ಲಿಗೂ ಹೋಗುತ್ತಲೂ ಇಲ್ಲ. ಇದೇ ಕಟ್ಟಿನ ಉಳಿದ ಮೂವರು ಪೇಜ್‌ಗಳ ಚಿತ್ರದಲ್ಲಿ ಏನಾದರೂ ನಡೆಯುತ್ತಿರುತ್ತದೆ. ಕತ್ತಿಯವನ ಹಿಂದೆ ಗಾಳಿ, ಮೋಡ. ಬಟ್ಟಲಿನವನ ಬಟ್ಟಲಿಂದ ಒಂದು ಮೀನು ತಲೆ ಹೊರಗೆ ಹಾಕಿ ಅವನನ್ನೇ ನೋಡುತ್ತದೆ. ಕೋಲಿನವನು ಮರಳುಗಾಡಿನಲ್ಲಿ ನಿಂತಿದ್ದಾನೆ, ಹಿಂದೆ ಪಿರಮಿಡ್ಡು. ನಾಣ್ಯದವನ ಚಿತ್ರ ಮಾತ್ರ ಎಷ್ಟು ಸುಮ್ಮನಿದೆ ಅಂದರೆ, ಲೈಬ್ರರಿಯಲ್ಲಿ ಕೂತವನ ಫೋಟೋ ಇದ್ದಹಾಗೆ.

ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ಅದು ಹೆಚ್ಚುಕಡಿಮೆ ಅದೇ! ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಟ್ಯಾರೋ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು. ಅದನ್ನು ಯೋಜಿಸಿದವರು ಆರ್ಥರ್ ಎಡ್ವರ್ಡ್ ವೇಯ್ಟ್. ಆ ಕಾರ್ಡ್‌ಗಳಿಗೆ ಅವರೇ ಒಂದು ಅರ್ಥಕೋಶದಂಥ ಪುಸ್ತಕವನ್ನೂ ಬರೆದರು. ಈ ಹುಡುಗನ ಬಗ್ಗೆ ಅವರು ಕೊಡುವ ಮೊದಲ ಅರ್ಥಗಳು ಹಣಕ್ಕೆ ಸಂಬಂಧಿಸಿದವಲ್ಲ. ಮನಸ್ಸಿಟ್ಟು ದುಡಿಯುವುದು, ಓದು, ವಿದ್ವತ್ತು, ಚಿಂತನೆ. ಅವನಿಗೆ ಸುತ್ತಲಿನ ಪರಿವೆಯೇ ಇಲ್ಲ ಎನ್ನುವುದನ್ನೂ ಅವರೇ ಬರೆದಿದ್ದಾರೆ. ಸುದ್ದಿ, ಸುದ್ದಿ ತರುವವನು ಎಂಬ ಇನ್ನೊಂದು ಅರ್ಥವೂ ಇದೆ, ಅಷ್ಟರಮಟ್ಟಿಗೆ ಫೋನಿನವರು ಪೂರ್ತಿ ತಪ್ಪು ಹೇಳಲಿಲ್ಲ. ಆದರೆ ಸುದ್ದಿ ಒಳ್ಳೆಯದು, ತಿಂಗಳೊಳಗೆ ಬರುತ್ತದೆ, ಅದು ಹಣದ್ದು ಎಂಬ ಮೂರು ಮಾತುಗಳು ಚಿತ್ರದಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಅವು ಇದ್ದದ್ದು ನನ್ನ ಮುಖದಲ್ಲಿ. ಅಲ್ಲಲ್ಲ, ದನಿಯಲ್ಲಿ. ವಿಡಿಯೊ ಕಾಲ್‌ಗೆ ಇನ್ನೂರು ರೂಪಾಯಿ ಜಾಸ್ತಿ ಇತ್ತು.

ಪೇಜ್ ಎಂದರೆ ಪುಟ ಎಂದುಕೊಂಡಿದ್ದೆ. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ಮನೆತನದ ಹುಡುಗರನ್ನು ಏಳು ವರ್ಷದ ಆಸುಪಾಸಿನಲ್ಲಿ ಇನ್ನೊಬ್ಬ ಪ್ರಭುವಿನ ಮನೆಗೆ ಕಳಿಸುತ್ತಿದ್ದರಂತೆ. ಅಲ್ಲಿ ಊಟ ಬಡಿಸುವುದು, ಸಂದೇಶ ಮುಟ್ಟಿಸುವುದು, ದೊಡ್ಡವರ ಜತೆಗೆ ಇರುತ್ತಾ ಕೆಲಸ ಕಲಿಯುವುದು. ಆ ಹುಡುಗನೇ ಪೇಜ್. ಹದಿನಾಲ್ಕರ ಹೊತ್ತಿಗೆ ಮುಂದಿನ ದರ್ಜೆ, ಇಪ್ಪತ್ತೊಂದರ ಹೊತ್ತಿಗೆ ಎಲ್ಲ ಸರಿಹೋದರೆ ನೈಟ್, ಅಂದರೆ ಕುದುರೆ ಸವಾರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೇಜ್ ಎಂದರೆ ಇಂಟರ್ನ್, ಅದೂ ಸ್ಟೈಪೆಂಡ್ ಇಲ್ಲದವನು. ಟ್ಯಾರೋದ 78 ಕಾರ್ಡ್‌ಗಳಲ್ಲಿ 16 ಆಸ್ಥಾನದ ಕಾರ್ಡ್‌ಗಳು. ನಾಲ್ಕು ರಂಗಿಗೂ ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ಸವಾರ, ಒಬ್ಬ ಪೇಜ್. ಆಸ್ಥಾನದಲ್ಲಿ ಅತ್ಯಂತ ಕೆಳಗಿನವನು ಇವನೇ. ನಾಣ್ಯದ ರಂಗಿನಲ್ಲಿ ಇವನ ಮುಂದಿನವನಾದ ಸವಾರನ ಚಿತ್ರ ನೋಡಿ ನನಗೆ ನಗು ಬಂತು. ನಾಲ್ಕು ಸವಾರರಲ್ಲಿ ಕುದುರೆ ಅಲ್ಲಾಡದೆ ನಿಂತಿರುವುದು ಇವನದೊಂದೇ. ಪ್ರಮೋಷನ್ ಸಿಕ್ಕಿದ ಮೇಲೂ ಈ ಇಲಾಖೆಯಲ್ಲಿ ಅವಸರವಿಲ್ಲ.

ನಮ್ಮ ಇಸ್ಪೀಟಿನಲ್ಲಿ ಇವನಿಗೆ ಸಮನಾದವನು ಯಾರು ಗೊತ್ತಲ್ಲ? ಗುಲಾಮ. ಯುಗಾದಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಅಜ್ಜ ಮತ್ತು ಅವರ ಗೆಳೆಯರು ಎಂದಿನಂತೆ ‘ಇಪ್ಪತ್ತೆಂಟು’ ಆಡುತ್ತಿದ್ದರು. ಒಂದು ಕೈ ಕಡಿಮೆ ಬಿದ್ದು ನನ್ನನ್ನು ಕೂರಿಸಿಕೊಂಡರು. ಈ ಆಟ ಗೊತ್ತಿಲ್ಲದವರಿಗೆ ಹೇಳಬೇಕು: ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ, ಅವನಿಗೆ ಮೂರು ಪಾಯಿಂಟ್. ಒಂಬತ್ತಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೂ ರಾಣಿಗೂ ಸೊನ್ನೆ. ನಾಲ್ಕು ರಂಗೂ ಕೂಡಿಸಿದರೆ ಇಪ್ಪತ್ತೆಂಟು. ಅದೇ ಗುಲಾಮ ಬೇರೆ ಆಟದಲ್ಲಿ ರಾಜನ ಕೈಯಲ್ಲಿ ಹೊಡೆತ ತಿನ್ನುತ್ತಾನೆ. ಎಲೆ ಅದೇ, ಅದರ ಬೆಲೆ ಮಾತ್ರ ಆಟಕ್ಕೆ ಕೂತವರು ಮಾಡಿಕೊಂಡ ಕರಾರು. ಅಜ್ಜ ಕೈಯಲ್ಲಿ ಎರಡು ಗುಲಾಮರನ್ನು ಹಿಡಿದುಕೊಂಡು ಮುಖದಲ್ಲಿ ಏನೂ ತೋರಿಸದೆ ಕೂತಿದ್ದಾಗ ನನಗೆ ಆ ಕಾರ್ಡಿನ ಸಂಗತಿ ಸ್ಪಷ್ಟವಾಯಿತು. ಪೇಜ್ ಆಫ್ ಪೆಂಟಕಲ್ಸ್‌ಗೆ ಯಾರೋ ಕೊಟ್ಟ ಅರ್ಥವಿದೆ, ಅಷ್ಟೆ. ಅದರೊಳಗೆ ನನ್ನ ಬಗ್ಗೆ ಯಾವ ಮಾಹಿತಿಯೂ ತುಂಬಿಕೊಂಡಿಲ್ಲ.

ಟ್ಯಾರೋ ಕೂಡ ಹುಟ್ಟಿದ್ದು ಜಗಲಿಯ ಆಟದಂತೆಯೇ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ ಅದೊಂದು ಇಸ್ಪೀಟು, ಫ್ರಾನ್ಸಿನಲ್ಲಿ ಜನ ಇಂದಿಗೂ ಅದನ್ನು ಹಾಗೆಯೇ ಆಡುತ್ತಾರೆ. ಅದರ ನಾಲ್ಕು ರಂಗುಗಳು ಬಂದದ್ದು ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಎಲೆಗಳಿಂದ. ಅಂಥದೊಂದು ಹಳೆಯ ಕಟ್ಟು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಅದರ ಒಂದು ಎಲೆಯ ಮೇಲೆ ‘ಕಂಜಿಫಾ’ ಎಂಬ ಪದವಿದೆ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಸಕ್ತಿಯಿಂದ ಬೆಳೆಸಿದ ಗಂಜೀಫಾದ ಹೆಸರಿಗೆ ಇದು ನೆಂಟ. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅಲ್ಲಿ ರಾಜ ಇದ್ದಾನೆ, ಮಂತ್ರಿ ಇದ್ದಾನೆ. ಕಲಿಯುವ ಹುಡುಗನಿಗೆ ಮಾತ್ರ ಜಾಗವಿಲ್ಲ.

ಮತ್ತೆ ಭವಿಷ್ಯ ಯಾವಾಗ ಬಂತು? ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ವಿದ್ವಾಂಸರು ಟ್ಯಾರೋ ಎಂದರೆ ಪ್ರಾಚೀನ ಈಜಿಪ್ಟಿನ ಪುರೋಹಿತರ ರಹಸ್ಯ ಗ್ರಂಥ ಎಂದು ಬರೆದರು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲ ಒಬ್ಬನೇ ಒಬ್ಬ ಮನುಷ್ಯ ಜಗತ್ತಿನಲ್ಲಿ ಇರಲಿಲ್ಲ. ಶಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ. ಕಾಪಿ ಹೊಡೆಯಲು ಕೂಡ ಪಕ್ಕದವನ ಅಕ್ಷರ ಗೊತ್ತಿರಬೇಕು, ಇವರಿಗೆ ಅದೂ ಬೇಕಾಗಲಿಲ್ಲ.

ನಾನು ಚಿಕ್ಕಮ್ಮನಿಗೆ ನಕ್ಕೆ ಅಂದೆನಲ್ಲ. ಪಂಜರದಿಂದ ಬಂದ ಗಿಣಿ ಕೊಕ್ಕಿನಲ್ಲಿ ಒಂದು ಚೀಟಿ ಎಳೆಯುತ್ತದೆ, ಅದರಲ್ಲಿರುವ ಚಿತ್ರ ನೋಡಿ ಶಾಸ್ತ್ರದವನು ಹೇಳುತ್ತಾನೆ. ಟ್ಯಾರೋದಲ್ಲಿ ಗಿಣಿ ಇಲ್ಲ, ಅಷ್ಟೇ ವ್ಯತ್ಯಾಸ. ಕಾರ್ಡಿನ ಹೆಸರು ಇಂಗ್ಲಿಷಿನಲ್ಲಿತ್ತು, ಪಾವತಿ ಯುಪಿಐನಲ್ಲಿತ್ತು, ಆದ್ದರಿಂದ ನನಗೆ ಅದು ಮೂಢನಂಬಿಕೆ ಅನ್ನಿಸಲಿಲ್ಲ. ನಮ್ಮ ಕಾಲೇಜುಗಳಲ್ಲಿ ನಿಂಬೆಹಣ್ಣು ಕಟ್ಟಿದವನನ್ನು ಗೇಲಿ ಮಾಡುವವರೇ ಟ್ಯಾರೋ ರೀಲ್‌ಗೆ ‘ಕ್ಲೇಮ್’ ಎಂದು ಕಮೆಂಟ್ ಹಾಕುವುದನ್ನು ನೀವೂ ನೋಡಿರುತ್ತೀರಿ.

‘ಇದು ನಿಮ್ಮದೇ ಕಾರ್ಡ್’ ಎಂಬ ಮಾತು ಮಾತ್ರ ತುಂಬಾ ದಿನ ಕೊರೆಯುತ್ತಿತ್ತು. ವಿದ್ಯಾರ್ಥಿಗೆ ವಿದ್ಯಾರ್ಥಿಯ ಕಾರ್ಡೇ ಬರುವುದು ಆಕಸ್ಮಿಕವೇ? ಲೆಕ್ಕ ಹಾಕಿದೆ. 78ರಲ್ಲಿ ಮೂರು ಕಾರ್ಡ್ ತೆಗೆದರೆ ಈ ಒಂದು ಕಾರ್ಡ್ ಬರುವ ಸಂಭವ 78ಕ್ಕೆ 3, ಅಂದರೆ 26ರಲ್ಲಿ 1. ನಮ್ಮ ಹಾಸ್ಟೆಲ್ಲಿನ ಒಂದು ಸಾಲಿನ ಹುಡುಗರೆಲ್ಲ ಕೇಳಿದ್ದರೆ ಸರಾಸರಿ ಒಬ್ಬನಿಗೆ ಬಂದೇ ಬರುತ್ತಿತ್ತು. ಆ ಒಬ್ಬ ನಾನಾದೆ. ಇನ್ನು ಆಸ್ಥಾನದ ಹದಿನಾರರಲ್ಲಿ ಯಾವುದಾದರೂ ಒಂದು ಬಂದಿದ್ದರೆ ಸಾಕಿತ್ತಲ್ಲವೇ? ರಾಜ ಬಂದರೆ ‘ನೀವು ಆಗಲಿರುವ ಮನುಷ್ಯ’, ರಾಣಿ ಬಂದರೆ ‘ನಿಮಗೆ ಸಹಾಯ ಮಾಡುವ ಎಚ್ಆರ್’, ಸವಾರ ಬಂದರೆ ‘ನೀವು ಹೊರಟಿದ್ದೀರಿ’. ಮೂರು ಕಾರ್ಡಿನಲ್ಲಿ ಕನಿಷ್ಠ ಒಂದು ಆಸ್ಥಾನದ್ದು ಇರುವ ಸಂಭವ ಶೇ 50ಕ್ಕಿಂತ ಒಂದಿಷ್ಟು ಹೆಚ್ಚೇ ಇದೆ, ನಾಣ್ಯ ಚಿಮ್ಮಿದ ಹಾಗೆ. ಈ ಲೆಕ್ಕ ಮಾಡಲು ನನಗೆ ನಾಲ್ಕು ನಿಮಿಷ ಬೇಕಾಯಿತು. ಆದರೆ ಅದನ್ನು ಮಾಡಬೇಕು ಅನ್ನಿಸಿದ್ದು ತಿಂಗಳ ನಂತರ. ಬೇಸರದಲ್ಲಿ ಇದ್ದಾಗ ಓದಿದ ಗಣಿತ ಕೆಲಸಕ್ಕೆ ಬರುವುದಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ.

1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರದೇ ಎಂದು ಹೇಳಿ ಫಲಿತಾಂಶ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ! ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕದ್ದು. ಆ ತರಗತಿಯಲ್ಲಿ ನಾನಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆನೇನೋ.

ಇಷ್ಟೆಲ್ಲ ಆದ ಮೇಲೂ ಆ ಚಿತ್ರವನ್ನು ಡಿಲೀಟ್ ಮಾಡಲಿಲ್ಲ. ಅದಕ್ಕೆ ಕಾರಣ ಅದನ್ನು ಬರೆದಾಕೆ. ಕಾರ್ಡಿನ ಒಂದು ಮೂಲೆಯಲ್ಲಿ ಹಾವಿನ ಹಾಗೆ ಹೆಣೆದುಕೊಂಡ ಅಕ್ಷರಗಳ ಗುರುತೊಂದಿದೆ. ಅದು ಪಮೇಲಾ ಕೋಲ್ಮನ್ ಸ್ಮಿತ್ ಅವರ ಸಹಿ. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿತವರು. 1909ರಲ್ಲಿ ಕೆಲವೇ ತಿಂಗಳಲ್ಲಿ ಇಡೀ ಕಟ್ಟನ್ನು ಒಬ್ಬರೇ ಬರೆದು ಮುಗಿಸಿದರು. ಆ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರಿಗೆ ಪತ್ರ ಬರೆಯುತ್ತಾ, ದೊಡ್ಡದೊಂದು ಕೆಲಸ ಈಗಷ್ಟೇ ಮುಗಿಸಿದೆ, ಸಿಕ್ಕ ಕಾಸು ಮಾತ್ರ ತೀರಾ ಕಡಿಮೆ ಎಂದು ಹೇಳಿಕೊಂಡಿದ್ದಾರೆ. ಒಮ್ಮೆ ಕೊಟ್ಟ ಸಂಭಾವನೆ ಅಷ್ಟೇ, ರಾಯಧನ ಇಲ್ಲ. ಕಟ್ಟಿಗೆ ಬಂದ ಹೆಸರೋ, ಪ್ರಕಾಶಕ ರೈಡರ್ ಮತ್ತು ಯೋಜಿಸಿದ ವೇಯ್ಟ್ ಅವರದು. ಸ್ಮಿತ್ ಹೆಸರನ್ನು ಜನ ಅದಕ್ಕೆ ಸೇರಿಸಿ ಹೇಳತೊಡಗಿದ್ದು ಇತ್ತೀಚೆಗೆ. ಅವರು 1951ರಲ್ಲಿ ಇಂಗ್ಲೆಂಡಿನ ಬ್ಯೂಡ್ ಎಂಬ ಕಡಲೂರಿನಲ್ಲಿ ತೀರಿಕೊಂಡಾಗ ಸಾಲವಿತ್ತು, ಸಾಮಾನುಗಳನ್ನು ಹರಾಜು ಹಾಕಿದರು.

ಇದನ್ನು ಓದಿದ ಮೇಲೆ ‘ಹಣ ಬರ್ತಾ ಇದೆ’ ಎಂಬ ಮಾತು ಇನ್ನೂ ಕೆಟ್ಟದಾಗಿ ಕೇಳಿಸತೊಡಗಿತು. ನಾಣ್ಯವನ್ನು ಅಷ್ಟು ಹೊತ್ತು ನೋಡುತ್ತಾ ನಿಂತ ಹುಡುಗನನ್ನು ಬರೆದ ಕೈಗೇ ನಾಣ್ಯ ಬರಲಿಲ್ಲವಲ್ಲ. ಅವರ ಚಿತ್ರ ತೋರಿಸಿ ಇಂದು ನಿಮಿಷಕ್ಕಿಷ್ಟು ಎಂದು ದುಡಿಯುವವರು ಜಗತ್ತಿನ ತುಂಬಾ ಇದ್ದಾರೆ. ಎಷ್ಟೋ ಕಡೆ ಇಂಟರ್ನ್‌ಗಳಿಂದ ಪೂರ್ತಿ ಕೆಲಸ ತೆಗೆಸಿ ಸರ್ಟಿಫಿಕೇಟ್ ಒಂದನ್ನೇ ಕೈಗಿಡುತ್ತಾರೆ, ಗೊತ್ತಲ್ಲ. ಪಟ್ಟಿಯಲ್ಲಿ ಹೆಸರು ಬಂದ ನನ್ನ ರೂಮ್‌ಮೇಟ್‌ಗಳಲ್ಲಿ ಒಬ್ಬನದು ಅಂಥದ್ದೇ. ಅವನು ಅದನ್ನು ಮನೆಯಲ್ಲಿ ಹೇಳಿಲ್ಲ. ನಾನು ಆಯ್ಕೆಯಾಗಲಿಲ್ಲ ಎಂದು ಹೇಳದಿದ್ದ ಹಾಗೆ.

ಟ್ಯಾರೋ ಕೇಳುವ ಗೆಳೆಯರನ್ನು ನಾನೀಗ ಗೇಲಿ ಮಾಡುವುದಿಲ್ಲ. ಅವತ್ತು ರಾತ್ರಿ ನಾನು 299 ರೂಪಾಯಿ ಕೊಟ್ಟದ್ದು ಭವಿಷ್ಯಕ್ಕಲ್ಲ. ಹನ್ನೆರಡು ನಿಮಿಷ ಒಬ್ಬರು ನನ್ನ ಮಾತು ಕೇಳಿದರು, ‘ಅಯ್ಯೋ, ಪಾಪ’ ಅಂದರು, ಅದಕ್ಕೆ. ಹಾಸ್ಟೆಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಅದು ಬೇರೆಲ್ಲೂ ಸಿಗುತ್ತಿರಲಿಲ್ಲ, ಅಥವಾ ಸಿಗುತ್ತದೆಯೇ ಎಂದು ನಾನು ಹುಡುಕಿರಲಿಲ್ಲ. ನನ್ನ ತಕರಾರು ಇರುವುದು ಆಮೇಲಿನ ‘ತಿಂಗಳೊಳಗೆ’ ಎಂಬ ಪದದ ಮೇಲೆ. ಪ್ಲೇಸ್‌ಮೆಂಟ್ ಕಾಲದಲ್ಲಿ ಇಪ್ಪತ್ತರ ಹುಡುಗನಿಗೆ ಗಡುವು ಕೊಟ್ಟು ಸುಳ್ಳು ಹೇಳುವುದು ಸಣ್ಣ ತಪ್ಪಲ್ಲ. ಅವನು ಕಾಯುತ್ತಾನೆ. ಕಾಯುವಾಗ ಅರ್ಜಿಗಳ ಕೊನೆಯ ದಿನಾಂಕ ದಾಟುತ್ತದೆ. ಆ ಕಾರ್ಡಿನಲ್ಲಿ ಏನಿದೆಯೋ ಅದನ್ನು ಮಾತ್ರ ಅವರು ಹೇಳಿದ್ದರೆ, ಅಂದರೆ ‘ಇವನೊಬ್ಬ ಓದುವ ಹುಡುಗ, ಮುಂದೇನಾಯಿತು ಅಂತ ಚಿತ್ರದಲ್ಲಿಲ್ಲ’ ಎಂದಿದ್ದರೆ, ನನಗೆ ಬೇಸರವಾಗುತ್ತಿತ್ತು, ಆದರೆ ಮೋಸವಾಗುತ್ತಿರಲಿಲ್ಲ.

ಆಮೇಲೆ ಏಳು ಕಡೆ ಅರ್ಜಿ ಹಾಕಿದ್ದೇನೆ. ಎರಡು ಕಡೆಯಿಂದ ಇಲ್ಲ ಎಂದು ಬಂದಿದೆ, ಉಳಿದವರು ಏನೂ ಹೇಳಿಲ್ಲ.

ಅಪ್ಪನಿಗೆ ವಿಷಯ ಹೇಳಿದ್ದು ಯುಗಾದಿಯ ಮಾರನೇ ದಿನ. ಅವರು ಊಟದ ನಂತರ ಕಂಡಕ್ಟರ್ ಚೀಲ ಸುರಿದು ಚಿಲ್ಲರೆ ವಿಂಗಡಿಸುತ್ತಾ ಕೂತಿದ್ದರು. ಒಂದು, ಎರಡು, ಐದು, ಹತ್ತು ಬೇರೆ ಬೇರೆ ಕಂಬ. ಪಟ್ಟಿಯಲ್ಲಿ ಹೆಸರು ಬರದಿದ್ದದ್ದು, 299 ರೂಪಾಯಿ, ತಪ್ಪಿಹೋದ ಅರ್ಜಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಫೋನಿನಲ್ಲಿ ಕಾರ್ಡ್ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

“ಹತ್ತು ರೂಪಾಯಿ ಕಾಯಿನ್ ಇರಬೇಕು ಕಣೋ. ಯಾರೂ ತಗೊಳ್ತಿಲ್ಲ, ಅದಕ್ಕೇ ಹಂಗೆ ನೋಡ್ತಾ ನಿಂತಿದ್ದಾನೆ” ಅಂದು ಫೋನ್ ವಾಪಸ್ ಕೊಟ್ಟರು. ಆಮೇಲೆ ಐದರ ಕಂಬವನ್ನು ನನ್ನ ಕಡೆ ಸರಿಸಿ, ಇದನ್ನೊಂದು ಸಲ ಎಣಿಸಿಕೊಡು ಅಂದರು.